ರಾಬರ್ಟ್ ಮೋಗ್: ಸಿಂಥಸೈಜರ್‌ಗೆ ಹೆಸರು ಕೊಟ್ಟರು, ತಮ್ಮ ಹೆಸರನ್ನೇ ಕಳೆದುಕೊಂಡರು!

ಮೊಬೈಲ್‌ನಲ್ಲಿ ಕೀಬೋರ್ಡ್ ಆ್ಯಪ್ ತೆರೆದು ಒಂದು ಕಡೆ ಒತ್ತಿದರೆ ಪಿಟೀಲು, ಇನ್ನೊಂದು ಕಡೆ ಒತ್ತಿದರೆ ಕೊಳಲು. ಇದನ್ನು ನೋಡಿದವರು ಸಿಂಥಸೈಜರ್ ಎಂದರೆ ತಾನಾಗಿಯೇ ನುಡಿಯುವ ಯಂತ್ರ, ನುಡಿಸುವವರಿಗೆ ಅದರಲ್ಲಿ ಏನೂ ಕೆಲಸವಿಲ್ಲ ಎಂದು ನಂಬುವುದುಂಟು. ಸಿಂಥಸೈಜರ್ ಕಂಡುಹಿಡಿದವರು ರಾಬರ್ಟ್ ಮೋಗ್ ಒಬ್ಬರೇ, ಅದರಿಂದ ಅವರು ಕೋಟ್ಯಧಿಪತಿಯಾದರು ಎಂಬ ಮಾತೂ ಇದೆ. ಇವುಗಳಲ್ಲಿ ಎಷ್ಟು ನಿಜ? ಮೋಗ್ ಅವರ ಬದುಕನ್ನು ಮೊದಲಿನಿಂದ ನೋಡೋಣ.

ಸಂಕ್ಷಿಪ್ತವಾಗಿ

* ಮೋಗ್ ಅವರಿಗಿಂತ ಮೊದಲೇ ಸಿಂಥಸೈಜರ್ ಇತ್ತು. ಅದನ್ನು ಸಂಗೀತಗಾರರ ಕೈಗೆಟಕುವಂತೆ ಮಾಡಿದವರಲ್ಲಿ ಅವರು ಪ್ರಮುಖರು.
* ಅವರ ಯಂತ್ರ ತಾನಾಗಿ ನುಡಿಯುತ್ತಿರಲಿಲ್ಲ. ಒಮ್ಮೆಗೆ ಒಂದೇ ಸ್ವರ ಹೊರಡುತ್ತಿತ್ತು.
* ಅವರು ಶ್ರೀಮಂತರಾಗುವ ಬದಲು ಸಾಲಕ್ಕೆ ಸಿಲುಕಿ ಕಂಪನಿ ಮಾರಿದರು. ತಮ್ಮ ಹೆಸರಿನಲ್ಲಿ ವಾದ್ಯ ಮಾರುವ ಹಕ್ಕು ಮರಳಿ ಸಿಕ್ಕಿದ್ದು 2002ರಲ್ಲಿ.

ಮೊದಲು ಹೆಸರಿನ ವಿಚಾರ

ಇಂಗ್ಲಿಷ್ ಕಾಗುಣಿತ ನೋಡಿ ಈ ಹೆಸರನ್ನು ಮೂಗ್ ಎಂದು ಓದುವವರೇ ಹೆಚ್ಚು. ಕನ್ನಡದಲ್ಲಂತೂ ಅದು ಮೂಗೇ ಆಗಿಬಿಡುತ್ತದೆ! ಆದರೆ ಅವರ ಮನೆಯವರು ಹೇಳುತ್ತಿದ್ದದ್ದು ಮೋಗ್ ಎಂದು.

ಅಡುಗೆಮನೆಯಲ್ಲ, ಅಪ್ಪನ ವರ್ಕ್‌ಬೆಂಚ್

ರಾಬರ್ಟ್ ಮೋಗ್ ಹುಟ್ಟಿದ್ದು 1934ರ ಮೇ 23ರಂದು, ಅಮೆರಿಕದ ನ್ಯೂಯಾರ್ಕ್‌ನಲ್ಲಿ. ತಂದೆ ವಿದ್ಯುತ್ ಕಂಪನಿಯೊಂದರಲ್ಲಿ ಎಂಜಿನಿಯರ್. ತಾಯಿಗೆ ಮಗ ಪಿಯಾನೊ ಕಲಿಯಬೇಕೆಂಬ ಹಟ. ಹುಡುಗನಿಗೆ ಮಾತ್ರ ಅಪ್ಪನ ಜತೆ ಕೂತು ತಂತಿಗೆ ಬೆಸುಗೆ ಹಾಕುವುದೇ ಇಷ್ಟ.

ಹದಿಹರೆಯದಲ್ಲಿ ಅವರು ಹವ್ಯಾಸಿಗಳ ಪತ್ರಿಕೆಯೊಂದರಲ್ಲಿದ್ದ ನಕ್ಷೆ ನೋಡಿ ಥೆರೆಮಿನ್ ಕಟ್ಟಿದರು. ರಷ್ಯಾದ ಲೆವ್ ಥೆರೆಮಿನ್ ರೂಪಿಸಿದ ಈ ವಾದ್ಯವನ್ನು ಮುಟ್ಟುವ ಹಾಗೇ ಇಲ್ಲ. ಎರಡು ಆಂಟೆನಾಗಳ ಹತ್ತಿರ ಗಾಳಿಯಲ್ಲಿ ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ. ಇದರಲ್ಲಿ ಮಾಯಮಂತ್ರವಿಲ್ಲ. ನಮ್ಮ ದೇಹ ಹತ್ತಿರ ಬಂದಾಗ ಆಂಟೆನಾದ ಸುತ್ತಲಿನ ವಿದ್ಯುತ್ ಧಾರಣಶಕ್ತಿ ಸ್ವಲ್ಪ ಬದಲಾಗುತ್ತದೆ, ಸರ್ಕ್ಯೂಟ್ ಅದನ್ನೇ ಶಬ್ದವಾಗಿಸುತ್ತದೆ.

1954ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಥೆರೆಮಿನ್ ಕಟ್ಟುವ ಬಗ್ಗೆ ಮೋಗ್ ಅವರದೇ ಲೇಖನ ಅಚ್ಚಾಯಿತು. ಅಪ್ಪ ಮಗ ಸೇರಿ ಸಣ್ಣ ವ್ಯಾಪಾರವನ್ನೂ ಶುರುಮಾಡಿದ್ದರು. 1961ರಲ್ಲಿ ಅವರು ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್ ಕಿಟ್ ಹೊರತಂದರು. ಬೆಲೆ 50 ಡಾಲರ್‌ಗೆ ಐದು ಸೆಂಟ್ ಕಡಿಮೆ. ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿಕೊಂಡು ಜನ ತಾವೇ ಜೋಡಿಸುತ್ತಿದ್ದರು. ಹೀಗೆ ಸುಮಾರು ಸಾವಿರ ಕಿಟ್‌ಗಳು ಹೋದವು. ಅವರ ಓದಿಗೂ ಇದು ನೆರವಾಯಿತು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1965ರಲ್ಲಿ ಪಿಎಚ್‌ಡಿ ಪಡೆದರು.

ಮೊದಲ ಸಿಂಥಸೈಜರ್ ಮೋಗ್ ಅವರದೇ?

ಅಲ್ಲ. 1957ರಲ್ಲೇ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಕೇಂದ್ರಕ್ಕೆ ಆರ್‌ಸಿಎ ಕಂಪನಿಯ ಸಿಂಥಸೈಜರ್ ಬಂದಿತ್ತು. ಅದು ಇಡೀ ಕೋಣೆಯನ್ನೇ ತುಂಬುತ್ತಿತ್ತು. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಸ್ವರ ಹೇಳಿಕೊಡಬೇಕಿತ್ತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಕೂಡ ಮೋಗ್ ಅವರ ಸಂಪರ್ಕವಿಲ್ಲದೆಯೇ ಇಂಥದ್ದೇ ಮಾಡ್ಯೂಲ್‌ಗಳನ್ನು ಕಟ್ಟುತ್ತಿದ್ದರು.

ಹಾಗಾದರೆ ಮೋಗ್ ಮಾಡಿದ್ದೇನು? 1963ರಲ್ಲಿ ಅವರಿಗೆ ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಪರಿಚಯವಾದರು. ಮರುವರ್ಷದ ಬೇಸಿಗೆಯಲ್ಲಿ ಇಬ್ಬರೂ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದ್ದ ಮೋಗ್ ಅವರ ಕಾರ್ಯಾಗಾರದಲ್ಲಿ ಕೂತರು. ಡಾಯ್ಚ್ ಬೇಕಾದ ಧ್ವನಿ ಹೇಳುವುದು, ಮೋಗ್ ಅದಕ್ಕೆ ಸರ್ಕ್ಯೂಟ್ ಕಟ್ಟುವುದು. ಸ್ವರ ಹೇಗೆ ಹುಟ್ಟಬೇಕು, ಹೇಗೆ ಅಡಗಬೇಕು ಎಂದು ಪರೀಕ್ಷಿಸಲು ಮನೆಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ ತಂದು ಜೋಡಿಸಿದರು. 1964ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಆಡಿಯೊ ಎಂಜಿನಿಯರ್‌ಗಳ ಸಮ್ಮೇಳನದಲ್ಲಿ ಮೋಗ್ ತಮ್ಮ ಮಾಡ್ಯೂಲ್‌ಗಳನ್ನು ತೋರಿಸಿದರು.

ಒಂದು ವೋಲ್ಟ್, ಒಂದು ಸ್ಥಾಯಿ

ಮೋಗ್ ಅವರ ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಪೆಟ್ಟಿಗೆಗಳಿದ್ದವು. ಆಸಿಲೇಟರ್ ಸ್ವರ ಹುಟ್ಟಿಸುತ್ತದೆ. ಫಿಲ್ಟರ್ ಆ ಸ್ವರದ ಮೊನಚನ್ನು ಸೋಸುತ್ತದೆ. ಆಂಪ್ಲಿಫೈಯರ್ ಅದನ್ನು ಏರಿಸಿ ಇಳಿಸುತ್ತದೆ. ಇವುಗಳನ್ನು ವೈರ್‌ಗಳಿಂದ ಬೇಕಾದ ಹಾಗೆ ಜೋಡಿಸಬಹುದು. ಕೈಯಿಂದ ತಿರುಗಿಸುವ ಹಲವು ಗುಂಡಿಗಳ ಕೆಲಸವನ್ನು ಇನ್ನೊಂದು ಪೆಟ್ಟಿಗೆಯಿಂದ ಬರುವ ವೋಲ್ಟೇಜ್ ಕೂಡ ಮಾಡಬಲ್ಲದು.

ಇಲ್ಲಿ ಸಂಗೀತದ ಲೆಕ್ಕವೂ ಇದೆ. ಮಧ್ಯ ಸ್ಥಾಯಿಯ ಷಡ್ಜಕ್ಕಿಂತ ತಾರ ಷಡ್ಜದ ಕಂಪನ ಎರಡು ಪಟ್ಟು. 220 ಇದ್ದದ್ದು 440, ಅದು 880 ಆಗುತ್ತದೆ. ಟ್ರಾನ್ಸಿಸ್ಟರ್‌ನ ಸ್ವಭಾವವೂ ಹಾಗೆಯೇ: ವೋಲ್ಟೇಜನ್ನು ಸಮಸಮವಾಗಿ ಕೂಡುತ್ತಾ ಹೋದರೆ ಕರೆಂಟ್ ಗುಣಿಸುತ್ತಾ ಹೋಗುತ್ತದೆ. ಮೋಗ್ ಇದನ್ನೇ ಬಳಸಿಕೊಂಡು ಒಂದು ವೋಲ್ಟ್ ಏರಿಸಿದರೆ ಒಂದು ಸ್ಥಾಯಿ ಏರುವಂತೆ ಮಾಡಿದರು. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನಗಳು. ಹಾಗಾಗಿ ಒಂದೊಂದಕ್ಕೂ ಸುಮಾರು 83 ಮಿಲಿವೋಲ್ಟ್.

ತೊಂದರೆಯೂ ಅಲ್ಲೇ ಇತ್ತು. ಬಿಸಿ ಏರಿದರೆ ಟ್ರಾನ್ಸಿಸ್ಟರ್‌ನ ಈ ಸ್ವಭಾವ ಬದಲಾಗುತ್ತದೆ. ಆದ್ದರಿಂದ ಹಳೆಯ ಮೋಗ್ ಯಂತ್ರಗಳ ಶ್ರುತಿ ಜಾರುತ್ತಿತ್ತು. ತಂಬೂರಿಯ ಹಾಗೆ ಅವನ್ನೂ ಮತ್ತೆ ಮತ್ತೆ ಶ್ರುತಿ ಮಾಡಬೇಕಿತ್ತು.

ಗುಂಡಿ ಒತ್ತಿದರೆ ತಾನೇ ನುಡಿಯುತ್ತಿತ್ತೇ?

ಇಲ್ಲ. 1968ರಲ್ಲಿ ವೆಂಡಿ ಕಾರ್ಲೋಸ್ ಅವರು ಬಾಖ್‌ನ ಕೃತಿಗಳನ್ನು ಮೋಗ್ ಯಂತ್ರದಲ್ಲಿ ನುಡಿಸಿದ ಆಲ್ಬಂ ಬಂತು. ಒಮ್ಮೆಗೆ ಒಂದೇ ಸ್ವರ ಹೊರಡುವ ಯಂತ್ರವಾದ್ದರಿಂದ ಅವರು ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ನುಡಿಸಿ, ಟೇಪ್‌ನಲ್ಲಿ ಪದರ ಪದರವಾಗಿ ಸೇರಿಸಬೇಕಾಯಿತು. ತಿಂಗಳುಗಟ್ಟಲೆ ನಡೆದ ಕೆಲಸವದು. ಆ ಆಲ್ಬಂ ಮೂರು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. 1969ರಲ್ಲಿ ಬೀಟಲ್ಸ್ ತಂಡವೂ ತನ್ನ ಆಬಿ ರೋಡ್ ಆಲ್ಬಂನಲ್ಲಿ ಮೋಗ್ ಬಳಸಿತು.

ಅದೇ ವರ್ಷ ಈ ಯಂತ್ರ ಭಾರತಕ್ಕೂ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಸಿಂಥಸೈಜರ್ ಇರುವ ಸ್ಟುಡಿಯೊ ಸಜ್ಜುಗೊಳಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಧ್ವನಿಪ್ರಯೋಗ ನಡೆಸಿದರು.

ಹಾಗಾದರೆ ಹಣ ಎಲ್ಲಿ ಹೋಯಿತು?

1970ರಲ್ಲಿ ಬಂದ ಮಿನಿಮೋಗ್ ಅವರ ಅತ್ಯಂತ ಪ್ರಸಿದ್ಧ ವಾದ್ಯ. ಅದರ ಮೊದಲ ಮಾದರಿಯನ್ನು ಬಿಡಿಭಾಗಗಳಿಂದ ಜೋಡಿಸಿದವರು ಮೋಗ್ ಅಲ್ಲ, ಅವರ ಕಂಪನಿಯ ಎಂಜಿನಿಯರ್ ಬಿಲ್ ಹೆಮ್ಸಾತ್. 1981ರವರೆಗೆ 12,000ಕ್ಕೂ ಹೆಚ್ಚು ಮಿನಿಮೋಗ್‌ಗಳು ತಯಾರಾದವು.

ಆದರೆ ಅಷ್ಟರಲ್ಲಿ ಕಂಪನಿ ಮೋಗ್ ಅವರ ಕೈತಪ್ಪಿತ್ತು. ದೊಡ್ಡ ಮಾಡ್ಯುಲರ್ ಯಂತ್ರಗಳ ಬೇಡಿಕೆ ಕುಸಿಯಿತು, ಪೈಪೋಟಿ ಹೆಚ್ಚಿತು, ಸಾಲ ಬೆಳೆಯಿತು. 1971ರಲ್ಲಿ ಅವರು ಕಂಪನಿ ಮಾರಿದರು. 1973ರಲ್ಲಿ ಅದು ಇನ್ನೊಬ್ಬರ ಪಾಲಾಯಿತು. ತಮ್ಮದೇ ಹೆಸರಿನ ಕಂಪನಿಯಲ್ಲಿ ನೌಕರರಾಗಿದ್ದ ಮೋಗ್ 1977ರಲ್ಲಿ ಹೊರಬಂದರು. ಹೆಸರು ಮಾತ್ರ ಅಲ್ಲೇ ಉಳಿಯಿತು.

ಮರುವರ್ಷ ನಾರ್ತ್ ಕ್ಯಾರೊಲಿನಾಗೆ ಹೋಗಿ ಬಿಗ್ ಬ್ರಯರ್ ಎಂಬ ಹೊಸ ಸಂಸ್ಥೆ ಕಟ್ಟಿದರು. ಹುಡುಗನಾಗಿದ್ದಾಗ ಕೈಹಿಡಿದ ಥೆರೆಮಿನ್‌ಗಳನ್ನೇ ಮತ್ತೆ ತಯಾರಿಸಿದರು. ಮೋಗ್ ಮ್ಯೂಸಿಕ್ ಎಂಬ ಹೆಸರು ಮರಳಿ ಸಿಕ್ಕಿದಾಗ ಅವರಿಗೆ 68 ವರ್ಷ. ಮೂರೇ ವರ್ಷಗಳಲ್ಲಿ, 2005ರ ಆಗಸ್ಟ್ 21ರಂದು, ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇಂದು ನೀವೂ ಕಟ್ಟಬಹುದೇ?

ಕಟ್ಟಬಹುದು. ಒಂದು ವೋಲ್ಟ್‌ಗೆ ಒಂದು ಸ್ಥಾಯಿ ಎಂಬ ಲೆಕ್ಕವೇ ಇಂದಿನ ಯೂರೊರ‍್ಯಾಕ್ ಮಾಡ್ಯೂಲ್‌ಗಳಲ್ಲೂ ನಡೆಯುತ್ತಿದೆ. 1969ರಲ್ಲಿ ಪೇಟೆಂಟ್ ಸಿಕ್ಕ ಮೋಗ್ ಅವರ ಏಣಿಯಾಕಾರದ ಫಿಲ್ಟರನ್ನು ಹವ್ಯಾಸಿಗಳು ಈಗಲೂ ಮನೆಯಲ್ಲಿ ಜೋಡಿಸುತ್ತಾರೆ. ಕೆಪಾಸಿಟರ್ ಬದಲಿಸಿ ಧ್ವನಿ ಹೇಗೆ ಬದಲಾಗುತ್ತದೆ ಎಂದು ನೋಡುತ್ತಾರೆ.

ಆದರೆ ಈ ಎಚ್ಚರಿಕೆ ಇರಲಿ:

* ಹೊಸಬರು 230 ವೋಲ್ಟ್‌ನ ಮನೆ ಕರೆಂಟಿಗೆ ಕೈಹಾಕಬೇಡಿ. ಬ್ಯಾಟರಿ ಅಥವಾ ಒಳ್ಳೆಯ ಅಡಾಪ್ಟರ್ ಬಳಸಿ.
* ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು.
* ಬೆಸುಗೆಯ ಹೊಗೆ ಉಸಿರಾಟಕ್ಕೆ ಕೆಟ್ಟದ್ದು. ಕಿಟಕಿ ತೆರೆದಿಡಿ. ಬೆಸುಗೆಯ ತಂತಿಯಲ್ಲಿ ಸೀಸ ಇರಬಹುದು, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಕೊನೆಯ ಮಾತು

ಮೋಗ್ ಒಬ್ಬರೇ ಸಿಂಥಸೈಜರ್ ಕಂಡುಹಿಡಿದರು ಎಂಬುದು ತಪ್ಪು. ಅದು ತಾನೇ ನುಡಿಯುತ್ತದೆ ಎಂಬುದೂ ತಪ್ಪು, ಅವರು ಕೋಟ್ಯಧಿಪತಿಯಾದರು ಎಂಬುದೂ ತಪ್ಪು. ಸಂಗೀತಗಾರರಿಗೆ ಏನು ಬೇಕೆಂದು ಕೇಳಿ, ಅದನ್ನು ಕಟ್ಟಿಕೊಟ್ಟದ್ದು ಅವರ ನಿಜವಾದ ಸಾಧನೆ. ಮುಂದಿನ ಸಲ ಯಾರಾದರೂ ಕೀಬೋರ್ಡ್ ನುಡಿಸುವುದು ಸಂಗೀತವೇ ಅಲ್ಲ ಎಂದರೆ, ಈ ಕಥೆಯನ್ನು ಅವರಿಗೂ ಕಳಿಸಿ.