ಎರಡು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿ: ಬೆನೆಗಲ್ ನರಸಿಂಗರಾಯರು

ಸಕಲೇಶಪುರವನ್ನು ದಾಟಿ ಪಡುವಣಕ್ಕೆ ಇಳಿಯುವ ಘಟ್ಟದ ದಾರಿ ಈಗ ಒಂದೇ ರಾಜ್ಯದ ಎರಡು ಜಿಲ್ಲೆಗಳನ್ನು ಕೂಡಿಸುತ್ತದೆ. 1956ನೆಯ ಇಸವಿಯ ನವೆಂಬರಿಗೆ ಮೊದಲು ಹಾಗಿರಲಿಲ್ಲ. ಆಲೂರು, ಸಕಲೇಶಪುರ, ಮಂಜರಾಬಾದಿನ ಬೆಟ್ಟಗಳು ಮೈಸೂರು ಸೀಮೆಯವು. ಘಟ್ಟದ ಬುಡದಿಂದ ಕಡಲಿನವರೆಗೆ ಇದ್ದ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದು. ಆದರೂ ವಿದ್ಯಾರ್ಥಿಗಳ ಪಾಲಿಗೆ ಒಂದು ವಿಷಯದಲ್ಲಿ ಭೇದವಿರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ, ಘಟ್ಟದ ಮೇಲಿನ ಹುಡುಗನಾಗಲಿ ಕೆಳಗಿನ ಹುಡುಗನಾಗಲಿ ಪದವಿ ಬೇಕೆಂದರೆ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೇ ಕುಳಿತುಕೊಳ್ಳಬೇಕಾಗಿತ್ತು. ಹಾಗೆ ಘಟ್ಟದ ಕೆಳಗಿನಿಂದ ಹೊರಟು, ಮದರಾಸಿನ ಪದವಿಯನ್ನು ಪಡೆದು, ಅಷ್ಟಕ್ಕೆ ನಿಲ್ಲದೆ ಸಮುದ್ರವನ್ನು ದಾಟಿ ಮತ್ತೊಂದು ವಿಶ್ವವಿದ್ಯಾನಿಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಅವರೇ ಸರ್ ಬೆನೆಗಲ್ ನರಸಿಂಗರಾಯರು. ನಮ್ಮ ಸಂವಿಧಾನವನ್ನು ಓದುವವರೆಲ್ಲರೂ ಅವರಿಗೆ ಋಣಿಗಳು. ಆದರೆ ಅವರ ಹೆಸರನ್ನು ನೆನೆಯುವವರು ಕೆಲವರೇ.

ನರಸಿಂಗರಾಯರು ಹುಟ್ಟಿದ್ದು 1887ನೆಯ ಇಸವಿ ಫೆಬ್ರವರಿ 26ರಂದು. ಮನೆತನ ವಿದ್ಯಾವಂತರದು, ತಂದೆ ವೈದ್ಯರು. ತಮ್ಮಂದಿರೂ ಸಾಮಾನ್ಯರಲ್ಲ. ಬೆನೆಗಲ್ ರಾಮರಾಯರು 1949ರಿಂದ 1957ರವರೆಗೆ ಭಾರತದ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಬಿ. ಶಿವರಾಯರು ಹೆಸರಾಂತ ಪತ್ರಿಕೋದ್ಯಮಿಗಳು, ಸಂವಿಧಾನ ಸಭೆಯ ಸದಸ್ಯರು. ನರಸಿಂಗರಾಯರ ಶಾಲಾ ವ್ಯಾಸಂಗ ನಡೆದದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಆ ಶಾಲೆ ಆಗ ಇನ್ನೂ ಹೊಸದು. ಅಲ್ಲಿಂದ ಮದರಾಸಿಗೆ ಹೋಗುವುದೂ ಸುಲಭವಾಗಿರಲಿಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ.

ಮದರಾಸಿನಲ್ಲಿ ರಾಯರು 1905ರ ಪದವಿ ಪರೀಕ್ಷೆಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ದರ್ಜೆಯನ್ನು ಪಡೆದರು. ಮರುವರ್ಷ ಗಣಿತವನ್ನೂ ಸೇರಿಸಿಕೊಂಡರು. ಹತ್ತೊಂಬತ್ತು ವರ್ಷದ ತರುಣನಿಗೆ ಇನ್ನೇನು ಬೇಕು? ವಕೀಲಿಯೋ ಉಪಾಧ್ಯಾಯ ವೃತ್ತಿಯೋ ಸರಕಾರದ ಕಚೇರಿಯೋ ಕೈಬೀಸಿ ಕರೆಯುತ್ತಿದ್ದ ಕಾಲ. ಆದರೆ ಅವರಿಗೆ ವಿದ್ಯಾರ್ಥಿವೇತನ ದೊರೆಯಿತು; ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೊರಟರು.

ಆಗಿನ ಜಾಣ ತರುಣರು ಕಡಲನ್ನು ದಾಟುತ್ತಿದ್ದುದಕ್ಕೆ ಜ್ಞಾನದಾಹವೊಂದೇ ಕಾರಣವಲ್ಲ. ಇಂಡಿಯನ್ ಸಿವಿಲ್ ಸರ್ವಿಸಿನ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಭಾರತದಲ್ಲಿಯೂ ಅದನ್ನು ನಡೆಸಲು ತೊಡಗಿದ್ದು 1922ರಲ್ಲಿ. ತನ್ನ ದೇಶದ ಆಡಳಿತದಲ್ಲಿ ಪಾಲುಗೊಳ್ಳಬೇಕಾದರೆ ಭಾರತೀಯನು ಪರದೇಶಕ್ಕೆ ಹೋಗಿ ಪರೀಕ್ಷೆ ಕೊಡಬೇಕು! ಇದು ಅನ್ಯಾಯವೆಂದು ಕಾಂಗ್ರೆಸ್ಸಿನ ಹಿರಿಯರು ವರ್ಷವರ್ಷವೂ ಹೇಳುತ್ತಿದ್ದರು. ಮನೆಯ ಕಡೆಯಿಂದ ಬರುವ ಅಡ್ಡಿಗಳು ಬೇರೆ. ಸಮುದ್ರಯಾನ ಮಾಡಿದವರನ್ನು ಪಂಕ್ತಿಯಿಂದ ಹೊರಗಿಡುವ ಕಟ್ಟಳೆ ಹಲವು ಸಮಾಜಗಳಲ್ಲಿ ಇನ್ನೂ ಸತ್ತಿರಲಿಲ್ಲ. ಹೋಗುವವನು ಹಣವನ್ನು ಮಾತ್ರವಲ್ಲ, ತನ್ನವರ ನಡುವಿನ ಸ್ಥಾನವನ್ನೂ ಪಣಕ್ಕಿಟ್ಟು ಹೋಗಬೇಕಾಗಿತ್ತು.

ಒಂದು ವಿಶ್ವವಿದ್ಯಾನಿಲಯದಿಂದ ಮತ್ತೊಂದಕ್ಕೆ ಹೋಗುವುದೆಂದರೆ ಒಂದು ಬಂಡಿಯಿಂದ ಇಳಿದು ಇನ್ನೊಂದನ್ನು ಹತ್ತಿದಂತಲ್ಲ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯವನ್ನು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಕಟ್ಟಿದ್ದರು. ಬಹುಕಾಲ ಅದರ ಮುಖ್ಯ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ಪಾಠ ಹೇಳುವುದು ದೂರದೂರದ ಕಾಲೇಜುಗಳ ಪಾಲಿಗೆ ಬಂದಿತ್ತು. ಕೇಂಬ್ರಿಜ್ಜಿನದು ಬೇರೆಯೇ ಸಂಪ್ರದಾಯ. ಅಲ್ಲಿ ವಿದ್ಯಾರ್ಥಿ ಕಾಲೇಜಿನ ಕಟ್ಟುಪಾಡಿನಲ್ಲಿ ವಾಸಿಸಬೇಕು, ಗುರುಗಳೊಡನೆ ಊಟಕ್ಕೆ ಕೂರಬೇಕು, ಹಲವು ವಿಷಯಗಳನ್ನು ಬಿಟ್ಟು ಒಂದನ್ನೇ ಆಳವಾಗಿ ಅಗೆಯಬೇಕು. ಮೂರು ನಾಲ್ಕು ವಿಷಯಗಳಲ್ಲಿ ಪ್ರಥಮನಾಗಿದ್ದವನು ಅಲ್ಲಿ ಟ್ರೈಪಾಸ್ ಎಂಬ ಒಂದೇ ಪರೀಕ್ಷೆಗಾಗಿ ಮತ್ತೆ ಮೊದಲಿನಿಂದ ತೊಡಗಬೇಕಾಯಿತು. ಊರಿನಲ್ಲಿ ಪಡೆದ ಕೀರ್ತಿ ಅಲ್ಲಿಗೆ ಬರುವುದಿಲ್ಲ. ಬರುವುದು ತಲೆಯಲ್ಲಿ ಉಳಿದ ವಿದ್ಯೆ, ದುಡಿಯುವ ಅಭ್ಯಾಸ ಇವೆರಡೇ.

ರಾಯರು ಇದನ್ನು ಅರಿತವರಂತೆ ನಡೆದುಕೊಂಡರು. 1909ರಲ್ಲಿ ಟ್ರೈಪಾಸ್ ಮುಗಿಸಿದರು. ಗಣಿತದ ಟ್ರೈಪಾಸಿನಲ್ಲಿ ತೇರ್ಗಡೆಯಾದವರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಸಾರುತ್ತಿದ್ದ ಹಳೆಯ ಪದ್ಧತಿ ಕೊನೆಗೊಂಡದ್ದೂ ಅದೇ ವರ್ಷ. ಅದೇ ವರ್ಷ ಸಿವಿಲ್ ಸರ್ವಿಸಿನ ಪರೀಕ್ಷೆಯಲ್ಲಿಯೂ ಅವರು ಉತ್ತೀರ್ಣರಾದರು. ಟ್ರಿನಿಟಿಯಲ್ಲಿ ಅವರ ಸಮಕಾಲೀನರಾಗಿದ್ದ ಭಾರತೀಯರಲ್ಲಿ ಜವಾಹರಲಾಲ ನೆಹರೂ ಒಬ್ಬರು. ಒಬ್ಬರು ಸರಕಾರದ ಸೇವೆಗೆ ಸೇರಿದರು. ಇನ್ನೊಬ್ಬರು ಅದೇ ಸರಕಾರದ ಸೆರೆಮನೆಗಳನ್ನು ಸೇರಿದರು. ನಲವತ್ತು ವರ್ಷಗಳಾಗುವುದರೊಳಗೆ ಒಂದೇ ಸಂವಿಧಾನದ ಕೆಲಸಕ್ಕಾಗಿ ಇಬ್ಬರೂ ದೆಹಲಿಯಲ್ಲಿ ಕೂಡಿದ್ದು ಕಾಲದ ವಿಚಿತ್ರ.

1910ರಲ್ಲಿ ರಾಯರು ಬಂಗಾಳದಲ್ಲಿ ಸೇವೆಗೆ ನಿಂತರು. ಮುಂದೆ ಅಸ್ಸಾಮಿನಲ್ಲಿಯೂ ಕೆಲಸ ಮಾಡಿದರು. ಕಾನೂನಿನ ಕರಡುಗಳನ್ನು ಸ್ಪಷ್ಟವಾದ ಮಾತಿನಲ್ಲಿ ಬರೆಯುವುದರಲ್ಲಿ ಅವರ ಗಣಿತದ ಶಿಕ್ಷಣ ನೆರವಿಗೆ ಬಂದಿರಬೇಕು. ಒಂದು ಪದ ಹೆಚ್ಚಾದರೂ ಒಂದು ಪದ ಕಡಿಮೆಯಾದರೂ ಲೆಕ್ಕ ತಪ್ಪುವ ವಿದ್ಯೆ ಅದು. 1935ರ ಭಾರತ ಸರಕಾರದ ಕಾಯಿದೆ ಬಂದಾಗ, ದೇಶದ ಹಳೆಯ ಶಾಸನಗಳನ್ನೆಲ್ಲ ಅದಕ್ಕೆ ಹೊಂದಿಸಿ ತಿದ್ದುವ ದೊಡ್ಡ ಕೆಲಸ ಅವರ ಹೆಗಲ ಮೇಲೆ ಬಿತ್ತು. 1938ರಲ್ಲಿ ಸರ್ ಎಂಬ ಬಿರುದು ಬಂತು. ಮುಂದೆ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಹಿಂದೂ ಕಾನೂನಿನ ಸುಧಾರಣೆಗಾಗಿ 1941ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಬೇಕೆಂಬ ವಾದಕ್ಕೆ ಶಾಸನದ ರೂಪವನ್ನು ಹುಡುಕಿದವರಲ್ಲಿ ರಾಯರು ಮುಖ್ಯರು. 1955 ಮತ್ತು 1956ರಲ್ಲಿ ಪಾರ್ಲಿಮೆಂಟು ಮಾಡಿದ ಹಿಂದೂ ವಿವಾಹ, ಉತ್ತರಾಧಿಕಾರ ಮೊದಲಾದ ಶಾಸನಗಳಿಗೆ ಆ ಸಮಿತಿಯ ಕೆಲಸವೇ ತಳಹದಿ. 1944ರಿಂದ 1945ರವರೆಗೆ ಅವರು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿಯೂ ಇದ್ದರು.

1946ರಲ್ಲಿ ಸಂವಿಧಾನ ಸಭೆಗೆ ಒಬ್ಬ ಸಲಹೆಗಾರರು ಬೇಕಾದರು. ರಾಯರು ಆ ಹೊಣೆಯನ್ನು ಹೊತ್ತರು; ಅದಕ್ಕೆ ಸಂಬಳವನ್ನು ತೆಗೆದುಕೊಳ್ಳಲಿಲ್ಲ. ಅವರು ಸಭೆಯ ಸದಸ್ಯರಲ್ಲ. ಅಲ್ಲಿ ಭಾಷಣ ಮಾಡುವ, ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಆದರೆ ಸದಸ್ಯರು ಮಾತನಾಡುವ ಮೊದಲು ಓದಬೇಕಾದುದನ್ನು ಸಿದ್ಧಪಡಿಸಿದವರು ಅವರು. ಬೇರೆ ಬೇರೆ ದೇಶಗಳ ಸಂವಿಧಾನಗಳಿಂದ ಬೇಕಾದ ಭಾಗಗಳನ್ನು ಆರಿಸಿ, ಪುಸ್ತಕಗಳ ರೂಪದಲ್ಲಿ ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಟ್ಟರು. 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಮುಗಿಸಿದರು. ಅದರಲ್ಲಿ ಇದ್ದದ್ದು 243 ವಿಧಿಗಳು, 13 ಅನುಸೂಚಿಗಳು. ಡಾಕ್ಟರ್ ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು ಕೆಲಸ ಮಾಡಿ, 315 ವಿಧಿಗಳ ಕರಡನ್ನು ಸಭೆಗೆ ಒಪ್ಪಿಸಿತು. ಕೊನೆಗೆ ಅಂಗೀಕಾರವಾದದ್ದು 395 ವಿಧಿಗಳ ಸಂವಿಧಾನ. ಈ ಋಣವನ್ನು ಅಂಬೇಡ್ಕರ್ ಅವರು 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಮರೆಯದೆ ನೆನೆದರು. ಬರ್ಮಾ ದೇಶದ ಸಂವಿಧಾನಕ್ಕೂ ರಾಯರು ಇದೇ ಕಾಲದಲ್ಲಿ ನೆರವಾದರು.

ಕರಡು ಮುಗಿದೊಡನೆ ಅರುವತ್ತು ವರ್ಷದ ರಾಯರು ಮತ್ತೊಮ್ಮೆ ವಿದ್ಯಾರ್ಥಿಯಂತೆ ಹೊರಟರು. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ರಾಜನೀತಿಜ್ಞರನ್ನೂ ಕಂಡು, ತಮ್ಮ ಕರಡಿನ ವಿಷಯದಲ್ಲಿ ಕೇಳಿ ತಿಳಿದುಕೊಂಡರು. ಐರ್ಲೆಂಡಿನ ಸಂವಿಧಾನದಿಂದ ಬಂದ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳನ್ನು ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಓದುತ್ತೇವೆ.

ಹೊರಗಿನಿಂದ ತಂದುದೆಲ್ಲ ನಿರಪಾಯವೆಂದು ಹೇಳಲಾಗದು. ಕಾನೂನಿನ ಯುಕ್ತ ಪ್ರಕ್ರಿಯೆ ಎಂಬ ಅಮೆರಿಕದ ಸೂತ್ರವು ಶಾಸನಗಳನ್ನು ತೂಗಿನೋಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುತ್ತದೆ. ಇದರಿಂದ ಜನಪ್ರತಿನಿಧಿಗಳ ಶಾಸನಗಳಿಗೆ ಅಡ್ಡಿಯಾಗುವುದೆಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ರಾಯರಿಗೆ ತಿಳಿಸಿದರು. ರಾಯರು ಅದನ್ನು ಒಪ್ಪಿದರು. ಆ ಸೂತ್ರವನ್ನು ಬಿಟ್ಟು, 1946ರ ಜಪಾನಿನ ಸಂವಿಧಾನದಲ್ಲಿದ್ದಂತೆ, ಕಾನೂನು ಗೊತ್ತುಮಾಡಿದ ಪ್ರಕ್ರಿಯೆ ಎಂಬ ಮಾತು ನಮ್ಮ 21ನೆಯ ವಿಧಿಗೆ ಬಂತು. ಭೂಸುಧಾರಣೆಯಂಥ ಶಾಸನಗಳು ನ್ಯಾಯಾಲಯದಲ್ಲಿ ಮುರಿದುಬೀಳಬಾರದೆಂಬ ಕಾಳಜಿ ಇದರ ಹಿಂದೆ ಇತ್ತು. ಆದರೆ ವಿಚಾರಣೆಯಿಲ್ಲದೆ ಬಂಧನಕ್ಕೆ ಒಳಗಾದವನಿಗೆ ಇದರಿಂದ ರಕ್ಷಣೆ ಕಡಿಮೆಯಾಯಿತು. 1950ರ ಎ. ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಅದು ಸ್ಪಷ್ಟವಾಗಿ ಕಂಡಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಪ್ರಕ್ರಿಯೆ ಎಂದರೆ ನ್ಯಾಯಸಮ್ಮತವಾದ ಪ್ರಕ್ರಿಯೆಯೇ ಎಂದು ನಮ್ಮ ಸುಪ್ರೀಂ ಕೋರ್ಟು ಅರ್ಥ ಮಾಡಿತು. ಬಿಟ್ಟುಬಂದ ವಸ್ತು ಹೀಗೆ ಇನ್ನೊಂದು ಬಾಗಿಲಿನಿಂದ ಮನೆಯೊಳಗೆ ಬಂತು. ಒಂದು ದೇಶದ ಅನುಭವವನ್ನು ಇನ್ನೊಂದಕ್ಕೆ ಸಾಗಿಸುವಾಗ ಎಷ್ಟು ದೊಡ್ಡ ವಿದ್ವಾಂಸನಾದರೂ ಎಲ್ಲವನ್ನೂ ಮುಂಗಾಣಲಾರ ಎಂಬುದಕ್ಕೆ ಇದು ನಿದರ್ಶನ. ಇದನ್ನು ಮರೆಮಾಚುವುದು ರಾಯರಿಗೆ ತೋರುವ ಗೌರವವಲ್ಲ.

ಮುಂದೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಅದೇ ವರ್ಷದ ಕೊನೆಯಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಕವಾದ ಮೂವರಲ್ಲಿಯೂ ಒಬ್ಬರಾಗಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪದವಿಯಲ್ಲಿ ಹೆಚ್ಚು ಕಾಲ ಇರುವ ಭಾಗ್ಯ ಅವರಿಗಿರಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ ಅರುವತ್ತಾರು ವರ್ಷ.

ದೇಶ ಸುತ್ತಬೇಕು ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುವುದುಂಟು. ರಾಯರು ಎರಡನ್ನೂ ಮಾಡಿದರು. ಅದಕ್ಕಿಂತ ಹೆಚ್ಚಾಗಿ, ಸುತ್ತಿ ಓದಿದ್ದರಲ್ಲಿ ತನ್ನ ನಾಡಿಗೆ ಒಗ್ಗುವುದು ಯಾವುದು, ಒಗ್ಗದಿರುವುದು ಯಾವುದು ಎಂದು ಬೇರ್ಪಡಿಸುವ ಕೆಲಸದಲ್ಲಿ ಜೀವನವನ್ನು ಸವೆಸಿದರು. ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗೆ ಈ ಕೆಲಸ ಮೊದಲ ದಿನವೇ ಎದುರಾಗುತ್ತದೆ. ಹಳೆಯದನ್ನೆಲ್ಲ ಹಿಡಿದುಕೊಂಡರೆ ಹೊಸದು ಒಳಗೆ ಬಾರದು. ಹಳೆಯದನ್ನೆಲ್ಲ ಎಸೆದರೆ ನಿಲ್ಲಲು ನೆಲವಿರದು.

ಈ ಬೆಟ್ಟಗಳ ನಡುವಿನಿಂದ ಮಿತ್ರರು ಕೆಲವರು ಹಾಸನಕ್ಕೆ, ಕೆಲವರು ಮೈಸೂರಿಗೆ, ಕೆಲವರು ಘಟ್ಟವಿಳಿದು ಮಂಗಳೂರಿಗೆ ಓದಲು ಹೋಗುತ್ತಾರೆ. ಹೊರದೇಶಗಳಿಗೆ ಹೋಗುವವರೂ ಉಂಟು. ಹೋದಲ್ಲಿ ಹಿಂದಿನ ಅಂಕಪಟ್ಟಿಯನ್ನು ಪೂರ್ತಿ ಒಪ್ಪದೆ, ಓದಿದ ಪಾಠವನ್ನೇ ಮತ್ತೆ ಓದಿರೆಂದು ಹೇಳಿದರೆ ಮನಸ್ಸಿಗೆ ನೋವಾಗುವುದು ಸಹಜ. ಒಂದು ವರ್ಷ ವ್ಯರ್ಥವಾಯಿತೆಂದು ಮನೆಯವರು ಕೊರಗುವುದೂ ಸಹಜ. ಕಾಫಿಯ ಬೆಳೆ ಕೈಕೊಟ್ಟ ವರ್ಷದಲ್ಲಿ ಆ ವೆಚ್ಚ ಸಣ್ಣದಲ್ಲ. ಅಂಥ ಹೊತ್ತಿನಲ್ಲಿ, ಮದರಾಸಿನ ಪ್ರಥಮ ದರ್ಜೆಗಳನ್ನು ಬದಿಗಿಟ್ಟು ಕೇಂಬ್ರಿಜ್ಜಿನ ಬೆಂಚಿನ ಮೇಲೆ ಮತ್ತೆ ಕುಳಿತ ಮಂಗಳೂರಿನ ಆ ತರುಣನನ್ನು ನೆನೆಯೋಣ. ಎರಡನೆಯ ಸಲ ವಿದ್ಯಾರ್ಥಿಯಾಗಲು ಅವರು ನಾಚಿದ್ದರೆ, ಅರುವತ್ತರ ವಯಸ್ಸಿನಲ್ಲಿ ಮೂರನೆಯ ಸಲ ವಿದ್ಯಾರ್ಥಿಯಾಗಿ ದೇಶದ ಕರಡನ್ನು ಕೈಯಲ್ಲಿ ಹಿಡಿದು ಪರರ ಬಾಗಿಲಿಗೆ ಕೇಳಲು ಹೋಗುವ ವಿನಯ ಅವರಿಗೆ ಎಲ್ಲಿಂದ ಬರುತ್ತಿತ್ತು?