ಟಿಬಿ ಅಲ್ಲದ ಗಂಟು ಮತ್ತು ಜೊನಾಥನ್ ಹಚಿನ್ಸನ್

ಕಾಗವಾಡದ ನಮ್ಮ ಚಿಗವ್ವ ರೊಟ್ಟಿ ಬಡಿದು ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದಳು. ವಯಸ್ಸಾಯ್ತು, ಮೊಣಕಾಲು ಅಂದುಕೊಂಡೆವು. ಕುತ್ತಿಗೆಯಲ್ಲಿ ಗಂಟು ಕಂಡಾಗ ಒಬ್ಬ ಡಾಕ್ಟರು ಟಿಬಿ ಅಂತ ಆರು ತಿಂಗಳು ಗುಳಿಗೆ ಕೊಟ್ಟರು. ಗಂಟು ಕರಗಲಿಲ್ಲ. ಇನ್ನೂ ಮೂರು ತಿಂಗಳು ಮುಂದುವರಿಸಿ ಅಂದರು. ಕೊನೆಗೆ ಮಿರಜದಲ್ಲಿ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದಾಗ ಗೊತ್ತಾಯ್ತು: ಸಾರ್ಕಾಯ್ಡೋಸಿಸ್, ಸ್ನಾಯುವಿಗೂ ಇಳಿದು ಉರಿಯೂತ ತಂದಿದೆ. ಆ ಹೆಸರಿನ ಬೆನ್ನುಹತ್ತಿದಾಗ ಸಿಕ್ಕವನು ಹಚಿನ್ಸನ್.

1828ರಲ್ಲಿ ಯಾರ್ಕ್‌ಶೈರಿನ ಸೆಲ್ಬಿಯಲ್ಲಿ, ಕ್ವೇಕರ್ ಮನೆತನದಲ್ಲಿ ಹುಟ್ಟಿದ. ಹೆಸರಿಗೆ ಸರ್ಜನ್, ಆದರೆ ಕಣ್ಣು, ಚರ್ಮ, ನರ ಯಾವುದನ್ನೂ ಬಿಟ್ಟವನಲ್ಲ. ಹುಟ್ಟಿನಿಂದಲೇ ಸಿಫಿಲಿಸ್ ಇರುವ ಮಕ್ಕಳ ಹಲ್ಲಿನ ಗುರುತಿಗೆ ಇವತ್ತಿಗೂ ಅವನದೇ ಹೆಸರು. 1889ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅಧ್ಯಕ್ಷನಾದ. ತಾನು ನಡೆಸುತ್ತಿದ್ದ ‘ಆರ್ಕೈವ್ಸ್ ಆಫ್ ಸರ್ಜರಿ’ ಪತ್ರಿಕೆಯನ್ನು ಹೆಚ್ಚುಕಡಿಮೆ ಒಬ್ಬನೇ ಬರೆದು ತುಂಬಿಸುತ್ತಿದ್ದ. (ಆ ಕಷ್ಟ ನಮ್ಮಂಥ ವೆಬ್‌ಸೈಟಿನವರಿಗೆ ಗೊತ್ತು.)

ಲಂಡನ್ನಿನಲ್ಲಿ ಕಲ್ಲಿದ್ದಲು ಇಳಿಸುವ ಕಟ್ಟೆಯ ಕೆಲಸಗಾರನೊಬ್ಬನ ಕೈಕಾಲಿನ ಮೇಲೆ ನೇರಳೆ ಬಣ್ಣದ ಉಬ್ಬುಗಳನ್ನು ಹಚಿನ್ಸನ್ ಕಂಡಿದ್ದು 1869ರಲ್ಲಿ. 1877ರಲ್ಲಿ ಅದನ್ನು ಪ್ರಕಟಿಸಿದ. ಸಾರ್ಕಾಯ್ಡೋಸಿಸ್ ಬಗ್ಗೆ ಬರೆದ ಮೊದಲ ವರದಿ ಅದೇ ಅನ್ನುತ್ತಾರೆ. ಆದರೆ ಅವನು ಅದನ್ನು ಗೌಟ್ ಲೆಕ್ಕಕ್ಕೆ ಸೇರಿಸಿದ. 1898ರಲ್ಲಿ ಇಂಥದ್ದೇ ಇನ್ನೊಂದು ಕೇಸು ಬಂದಾಗ ರೋಗಿಯ ಹೆಸರನ್ನೇ ಕಾಯಿಲೆಗಿಟ್ಟು ಸುಮ್ಮನಾದ. ಮರುವರ್ಷ ನಾರ್ವೆಯ ಸೀಸರ್ ಬೂಕ್ ಮೈಕ್ರೊಸ್ಕೋಪಿನಲ್ಲಿ ನೋಡಿ ‘ಸಾರ್ಕಾಯ್ಡ್’ ಅಂದ. ಗ್ರೀಕಿನಲ್ಲಿ ಮಾಂಸದಂಥದ್ದು ಅಂತ ಅರ್ಥ. ಹೆಸರಲ್ಲೇ ಮಾಂಸವಿದ್ದರೂ ಮಾಂಸಖಂಡದ ತೊಂದರೆಯೇ ಸುಲಭಕ್ಕೆ ಕಣ್ಣಿಗೆ ಬೀಳೋದಿಲ್ಲ. ಈ ರೋಗದ ಸಣ್ಣ ಗಂಟುಗಳು ಎಷ್ಟೋ ಜನರ ಸ್ನಾಯುವಿನಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ನಿಶ್ಶಕ್ತಿ ಬರುವುದು ಕೆಲವರಿಗಷ್ಟೇ.

ಹಚಿನ್ಸನ್ ಮೇಲೆ ನನಗೆ ಸಿಟ್ಟು ಬಂದದ್ದು ಮೀನಿನ ವಿಷಯಕ್ಕೆ. ಕೆಟ್ಟ ಮೀನು ತಿನ್ನೋದರಿಂದ ಕುಷ್ಠ ಬರುತ್ತೆ ಅಂತ ಅವನ ಹಟ. 1873ರಲ್ಲಿ ಹ್ಯಾನ್ಸನ್ ಕುಷ್ಠದ ರೋಗಾಣು ಕಂಡುಹಿಡಿದಾಗ, ಅದು ಮೀನಿನ ಮೂಲಕ ಬರುತ್ತದೆಂದ. ಎಪ್ಪತ್ತು ದಾಟಿದ ಮೇಲೆ ಸಾಕ್ಷಿ ಹುಡುಕುತ್ತಾ ದಕ್ಷಿಣ ಆಫ್ರಿಕಾ, ಭಾರತ ಸುತ್ತಿದ. ಮೀನನ್ನೇ ಮುಟ್ಟದವರಿಗೂ ಕುಷ್ಠ ಇದೆಯಲ್ಲ ಅಂದರೆ, ರೋಗಿಯ ಕೈ ತಾಗಿದ ಅನ್ನ ತಿಂದಿರಬೇಕು ಅನ್ನುತ್ತಿದ್ದ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಜೈನ, ಲಿಂಗಾಯತ ಮನೆಗಳಲ್ಲಿ ಈ ವಾದ ಮಾಡಿದ್ದರೆ ಏನಾಗುತ್ತಿತ್ತೋ! 1906ರಲ್ಲಿ ಅದರ ಮೇಲೇ ಪುಸ್ತಕ ತಂದ. 1913ರಲ್ಲಿ ಸಾಯುವವರೆಗೂ ಮಾತು ಬದಲಿಸಲಿಲ್ಲ. ಗಂಟು ಕರಗದಿದ್ದರೂ ಟಿಬಿ ಗುಳಿಗೆ ಮುಂದುವರಿಸಿದ್ದು ನನಗೆ ಇದನ್ನು ಓದುವಾಗಲೇ ನೆನಪಾಯ್ತು.

ಹಾಗಂತ ಆ ಡಾಕ್ಟರನ್ನು ಪೂರ್ತಿ ಬೈಯೋಕೂ ಆಗಲ್ಲ. ಎರಡರ ಗಂಟೂ ನೋಡೋಕೆ ಒಂದೇ ಥರ. ಟಿಬಿಯದು ಸಾಮಾನ್ಯವಾಗಿ ನಡುವೆ ಸತ್ತು ಗಿಣ್ಣದ ಹಾಗಾಗಿರುತ್ತೆ, ಇದರದು ಆಗಿರೋದಿಲ್ಲ. ಸಾರ್ಕಾಯ್ಡೋಸಿಸ್‌ಗೆ ಕೊಡುವ ಸ್ಟೆರಾಯ್ಡನ್ನು ಟಿಬಿ ಇದ್ದವರಿಗೆ ಅದೊಂದನ್ನೇ ಕೊಟ್ಟರೆ ರೋಗ ಮೈಯೆಲ್ಲ ಹರಡಬಹುದು. ನಮ್ಮಂಥ ಟಿಬಿಯ ಊರಲ್ಲಿ ಯಾರಿಗಾದರೂ ಕೈ ನಡುಗುತ್ತೆ.

ಪ್ರೆಡ್ನಿಸೊಲೋನ್ ಶುರುವಾದ ಮೇಲೆ ಚಿಗವ್ವ ಗೋಡೆ ಬಿಟ್ಟಳು. ಈಗ ಮತ್ತೆ ತೊಡೆ ಸೋಲುತ್ತಿದೆ. ಬಹಳ ದಿನ ತಗೊಂಡರೆ ಸ್ಟೆರಾಯ್ಡೇ ಸ್ನಾಯುವನ್ನು ಸೊರಗಿಸುತ್ತದಂತೆ. ರೋಗವೋ ಗುಳಿಗೆಯೋ ನೋಡೋಕೆ ಬರುವ ಸೋಮವಾರ ಮತ್ತೆ ಮಿರಜಕ್ಕೆ ಹೊರಟಿದ್ದೇವೆ.