ಸ್ನೇಹಲತಾ ದಿನಚರಿ ಬರೆದರು, ಬರೆಯಲಾರದ ಕೈದಿಗಳ ಕಥೆ ಏನು?

ಹೆಬ್ಬಾಳ, ಆರ್.ಟಿ. ನಗರ ಕಡೆಯ ನಮ್ಮಂಥವರು ಪ್ರತಿಭಟನೆ ಅಂದ್ರೆ ಬಸ್ಸು ಹತ್ತಿ ಹೋಗೋದು ಫ್ರೀಡಂ ಪಾರ್ಕಿಗೆ. ಅದು ಹಳೇ ಸೆಂಟ್ರಲ್ ಜೈಲು. ಅಲ್ಲಿ ಕೂತಾಗೆಲ್ಲ ನನಗೆ ನೆನಪಾಗೋದು ಸ್ನೇಹಲತಾ ರೆಡ್ಡಿ.

ಅವರು ಹುಟ್ಟಿದ್ದು 1932ರಲ್ಲಿ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಗಂಡ ಪಟ್ಟಾಭಿರಾಮ ರೆಡ್ಡಿ ಕವಿ. ಇಬ್ಬರೂ ಲೋಹಿಯಾ ಸಮಾಜವಾದದ ಕಡೆಯವರು. ಪಟ್ಟಾಭಿಯವರು ನಿರ್ದೇಶಿಸಿದ ‘ಸಂಸ್ಕಾರ’ದಲ್ಲಿ ಸ್ನೇಹಲತಾ ಚಂದ್ರಿಯಾದರು. ಸೆನ್ಸಾರ್ ಮೊದಲು ತಡೆದ ಆ ಸಿನಿಮಾಕ್ಕೇ ಆಮೇಲೆ ರಾಷ್ಟ್ರಪ್ರಶಸ್ತಿ ಬಂತು.

ಎಮರ್ಜೆನ್ಸಿಯಲ್ಲಿ ಗೆಳೆಯ ಜಾರ್ಜ್ ಫರ್ನಾಂಡಿಸ್ ಭೂಗತರಾದರು. 1976ರ ಮೇ 2ರಂದು ಪೊಲೀಸರು ಸ್ನೇಹಲತಾ ಅವರನ್ನು ಬಂಧಿಸಿದರು. ಬರೋಡಾ ಡೈನಮೈಟ್ ಕೇಸಿನ ನಂಟು ಅಂದರು. ಕೊನೆಗೆ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಹಾಕಿ, ಎಂಟು ತಿಂಗಳು ವಿಚಾರಣೆಯಿಲ್ಲದೆ ಒಳಗಿಟ್ಟರು. ಅವರಿಗೆ ತೀವ್ರ ಅಸ್ತಮಾ. ಒಂಟಿ ಸೆಲ್ಲು, ಸರಿಯಾದ ಚಿಕಿತ್ಸೆಯಿಲ್ಲ. ಅದರ ನಡುವೆಯೂ ಹೆಣ್ಣು ಕೈದಿಗಳ ಊಟಕ್ಕಾಗಿ ಹೋರಾಡಿದರು, ದಿನಚರಿ ಬರೆದರು. ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ತೀರಿಕೊಂಡರು. ದಿನಚರಿ ಆಮೇಲೆ ಪುಸ್ತಕವಾಯಿತು.

ಈ ಕಥೆ ಈಗ ಯಾಕೆ? ವಿಚಾರಣೆಯೇ ಆಗದ ಕಾಯಿಲೆಯ ಕೈದಿಗೆ ಜೈಲೇ ಶಿಕ್ಷೆ ಅನ್ನೋದು ಎಮರ್ಜೆನ್ಸಿ ಜೊತೆ ಮುಗಿಯಲಿಲ್ಲ. ಪರಪ್ಪನ ಅಗ್ರಹಾರ ಜೈಲಿನಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ವ್ಯಸನದ ಸಮಸ್ಯೆ ಬಿಟ್ಟು ಲೆಕ್ಕ ಹಾಕಿದರೂ 1,389 ಮಂದಿಗೆ ಮಾನಸಿಕ ಕಾಯಿಲೆ ಇತ್ತು.

ತನ್ನ ಮೇಲಿನ ಆರೋಪಕ್ಕೆ ಉತ್ತರ ಕೊಡಲಾಗದಷ್ಟು ಮನಸ್ಸು ಕೆಟ್ಟವರ ವಿಚಾರಣೆಯನ್ನು ಕೋರ್ಟು ಮುಂದೂಡಬೇಕು ಅನ್ನುತ್ತೆ ಕಾನೂನು. ಒಳ್ಳೇದೇ. ಆದರೆ ಹೊರಗೆ ಬರಬೇಕಾದರೆ ಜವಾಬ್ದಾರಿ ಹೊರುವ ಬಂಧುವೋ ಗೆಳೆಯನೋ ಬೇಕು. ಯಾರೂ ಇಲ್ಲದಿದ್ದರೆ? ಅಸ್ಸಾಮಿನ ಮಚಾಂಗ್ ಲಾಲುಂಗ್ ಬಂಧಿತರಾದದ್ದು 1951ರಲ್ಲಿ. ಗುಣವಾಗಿದ್ದಾರೆ ಅಂತ 1967ರಲ್ಲೇ ವೈದ್ಯರು ಹೇಳಿದ್ದರು. ಆಸ್ಪತ್ರೆಯಿಂದ ಅವರು ಹೋದದ್ದು ಮನೆಗಲ್ಲ, ಜೈಲಿಗೆ. ಬಿಡುಗಡೆ 2005ರಲ್ಲಿ.

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಆರೋಗ್ಯ ಘಟಕ ಇರಲೇಬೇಕು ಅನ್ನುತ್ತೆ. ಇಡೀ ರಾಜ್ಯಕ್ಕೆ ಒಂದು ಸಾಕಾ?

ಸ್ನೇಹಲತಾ ಅವರಿಗೆ ಬರವಣಿಗೆ ಇತ್ತು, ಹೊರಗೆ ಗಂಡ, ಮಕ್ಕಳು, ಗೆಳೆಯರಿದ್ದರು. ಹಾಗಿದ್ದೂ ಉಳಿಯಲಿಲ್ಲ. ಮನಸ್ಸೇ ಕೈಕೊಟ್ಟವರು ದಿನಚರಿ ಬರೆದಿಡೋದು ಎಲ್ಲಿಂದ ಬಂತು? ಮಾನಸಿಕ ಕಾಯಿಲೆಯ ಕಾರಣಕ್ಕೆ ನಮ್ಮ ಜೈಲುಗಳಲ್ಲಿ ಎಷ್ಟು ಜನರ ಕೇಸು ನಿಂತಿದೆ, ಎಷ್ಟು ವರ್ಷದಿಂದ ನಿಂತಿದೆ, ಅವರನ್ನು ಕೊನೆಯ ಸಲ ಮನೋವೈದ್ಯರು ನೋಡಿದ್ದು ಯಾವಾಗ? ಒಂದು ಆರ್‌ಟಿಐ ಅರ್ಜಿಗೆ ಇಷ್ಟು ಪ್ರಶ್ನೆ ಸಾಕು. ಹಾಕೋಣ.